ನೈಸ್ ಎಂಬ ನಯದ ಮಾತು

ಈಚೆಗೆ ಒಂದು ಸಂಜೆ ತರುಣ ಕಥೆಗಾರರೊಬ್ಬರು ನಮ್ಮ ಮನೆಗೆ ಬಂದಿದ್ದರು. ಅವರ ಮೊದಲ ಕಥಾಸಂಕಲನವನ್ನು ಕುರಿತು ಹಿಂದೊಮ್ಮೆ ನಾನು ನಾಲ್ಕು ಮಾತು ಬರೆದದ್ದುಂಟು. ಕಾಫಿ ಆಯಿತು, ಮಳೆಯ ವಿಚಾರ ಆಯಿತು, ಪುಸ್ತಕಗಳ ಬೆಲೆಯ ವಿಚಾರವೂ ಆಯಿತು. ಆಮೇಲೆ ಅವರು ಚೀಲದಿಂದ ಮಡಿಸಿಟ್ಟಿದ್ದ ಪತ್ರಿಕೆಯ ತುಂಡೊಂದನ್ನು ತೆಗೆದು ಮೇಜಿನ ಮೇಲೆ ಹರಡಿ, "ಸಾರ್, ತಪ್ಪು ತಿಳಿಯಬೇಡಿ. ಇಲ್ಲಿ ನನ್ನ ಕಥೆಗಳು ಸೊಗಸಾಗಿವೆ ಅಂತ ಮೂರು ಕಡೆ ಬರೆದಿದ್ದೀರಿ. ಯಾವುದು ಸೊಗಸು ಅಂತ ಕೇಳೋಣ ಅಂತ ಬಂದೆ" ಎಂದರು.

ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಬಂದಿದ್ದರು. ನಾನು "ಓದಿಸಿಕೊಂಡು ಹೋಗುತ್ತವೆ" ಎಂದೆ. "ಭಾಷೆ ಚೆನ್ನಾಗಿದೆ" ಎಂದೆ. "ಒಟ್ಟಿನಲ್ಲಿ ಹಿತವಾಗಿದೆ" ಎಂದೂ ಸೇರಿಸಿದೆ. ಒಂದು ಪದಕ್ಕೆ ಅರ್ಥ ಕೇಳಿದರೆ ಅದರ ಪರ್ಯಾಯ ಪದಗಳನ್ನು ಒಂದರ ಹಿಂದೊಂದು ಹೇಳಿ ಮುಗಿಸುವ ಮೇಷ್ಟರಂತೆ ಆಯಿತು ನನ್ನ ಗತಿ. ಅವರು ವಿನಯದಿಂದ ತಲೆದೂಗಿ, ತುಂಡನ್ನು ಮತ್ತೆ ಮಡಿಸಿಟ್ಟುಕೊಂಡು ಹೊರಟರು. ಅವರನ್ನು ಗೇಟಿನವರೆಗೆ ಕಳಿಸಿ ಬಂದು ಕುಳಿತಾಗ ನನಗೆ ನೆನಪಾದದ್ದು ದೂರದ ಇಂಗ್ಲೆಂಡಿನ ಒಂದು ಗುಡ್ಡ. ಅಲ್ಲಿಯೂ ಒಬ್ಬರು ಇನ್ನೊಬ್ಬರನ್ನು ಇದೇ ಪ್ರಶ್ನೆ ಕೇಳಿದ್ದರು. ಅಲ್ಲಿ ವಿವಾದಕ್ಕೆ ಸಿಕ್ಕ ಪದ 'ನೈಸ್'.

ಬಾತ್ ಪಟ್ಟಣದ ಪಕ್ಕದ ಬೀಚನ್ ಕ್ಲಿಫ್ ಎಂಬುದು ಆ ಗುಡ್ಡ. ಸಂದರ್ಭ ಜೇನ್ ಆಸ್ಟೆನ್ ಬರೆದ 'ನಾರ್ಥ್ಯಾಂಗರ್ ಆಬಿ' ಕಾದಂಬರಿಯ 14ನೆಯ ಅಧ್ಯಾಯದ್ದು. ಈ ಪುಸ್ತಕದ ಹಣೆಬರಹವೇ ಒಂದು ಕಥೆ. 1798–99ರ ಸುಮಾರಿಗೆ ಬರೆದಿದ್ದು, 1803ರಲ್ಲಿ ಲಂಡನ್ನಿನ ಪ್ರಕಾಶಕನೊಬ್ಬ 10 ಪೌಂಡಿಗೆ ಹಸ್ತಪ್ರತಿಯನ್ನು ಕೊಂಡು, ಅಚ್ಚು ಹಾಕದೆ ಹಾಗೆಯೇ ಇಟ್ಟುಕೊಂಡ. 1816ರಲ್ಲಿ ಅಷ್ಟೇ ಹಣ ತೆತ್ತು ಅದನ್ನು ಬಿಡಿಸಿಕೊಳ್ಳಬೇಕಾಯಿತು. 1817ರ ಜುಲೈಯಲ್ಲಿ ಲೇಖಕಿ ತೀರಿಕೊಂಡರು. ಡಿಸೆಂಬರಿನಲ್ಲಿ, 1818 ಎಂಬ ಇಸವಿಯನ್ನು ಹೊತ್ತು, ಪುಸ್ತಕ ಹೊರಬಂತು. ಹೀಗೆ ಹದಿನೆಂಟು ಹತ್ತೊಂಬತ್ತು ವರ್ಷ ಕತ್ತಲಲ್ಲಿದ್ದ ಪುಸ್ತಕದೊಳಗೆ, ಇಂಗ್ಲಿಷಿನ ಅತ್ಯಂತ ಸವಕಲು ಗುಣವಾಚಕವೊಂದನ್ನು ಕುರಿತ ಅತ್ಯಂತ ಚುರುಕಾದ ಸಂಭಾಷಣೆ ಅಡಗಿತ್ತು.

ಗುಡ್ಡ ಹತ್ತುತ್ತಿರುವವರು ಮೂವರು. ಹದಿನೇಳರ ಹುಡುಗಿ ಕ್ಯಾಥರೀನ್ ಮೊರ್ಲಂಡ್, ಹಳ್ಳಿಯ ಪಾದ್ರಿಯ ಮಗಳು. ಹೆನ್ರಿ ಟಿಲ್ನಿ, ತಾನೂ ಪಾದ್ರಿಯೇ, ಆದರೆ ನಾಲಗೆ ಬಹಳ ಹರಿತ. ಮತ್ತು ಅವನ ತಂಗಿ ಎಲಿನರ್. ಮಾತು ಕಾದಂಬರಿಗಳ ಕಡೆ ತಿರುಗುತ್ತದೆ. ಆನ್ ರ‍್ಯಾಡ್‌ಕ್ಲಿಫ್ 1794ರಲ್ಲಿ ಪ್ರಕಟಿಸಿದ 'ದಿ ಮಿಸ್ಟರೀಸ್ ಆಫ್ ಉಡಾಲ್ಫೊ' ಆಗ ಎಲ್ಲರ ಕೈಯಲ್ಲೂ ಇದ್ದ ಪುಸ್ತಕ. ಪಾಳು ಕೋಟೆ, ಕರಿಯ ಪರದೆ, ಪರದೆಯ ಹಿಂದೆ ಏನಿದೆಯೋ ಎಂಬ ನಡುಕ. ಕ್ಯಾಥರೀನ್ ಮೆಚ್ಚಿ ಹೇಳುತ್ತಾಳೆ, ಪ್ರಪಂಚದಲ್ಲಿ ಅದಕ್ಕಿಂತ ನೈಸ್ ಪುಸ್ತಕ ಇನ್ನೊಂದಿಲ್ಲವೆಂದು. ಹೆನ್ರಿಗೆ ಅಷ್ಟು ಸಾಕು. ನೈಸ್ ಎಂದರೆ ಅಚ್ಚುಕಟ್ಟಾದದ್ದು ಎಂದುಕೊಂಡರೆ ಅದು ಪುಸ್ತಕದ ರಟ್ಟನ್ನು ಅವಲಂಬಿಸಿದ ಮಾತು ಎಂದು ಅವನು ಛೇಡಿಸುತ್ತಾನೆ. ಎಲಿನರ್ ನಡುವೆ ಬಂದು, ಇವನಿಗೆ ನನ್ನ ಭಾಷೆಯಲ್ಲಿಯೂ ಸದಾ ತಪ್ಪು ಹುಡುಕುವ ಚಾಳಿ, ಬೇಗ ಆ ಮಾತನ್ನು ಬದಲಾಯಿಸಿಬಿಡು, ಇಲ್ಲವಾದರೆ ದಾರಿಯುದ್ದಕ್ಕೂ ಡಾಕ್ಟರ್ ಜಾನ್ಸನ್ನರ ಮತ್ತು ಬ್ಲೇರರ ಹೆಸರು ಹೇಳಿ ನಮ್ಮ ಪ್ರಾಣ ತೆಗೆಯುತ್ತಾನೆ ಎಂದು ಎಚ್ಚರಿಸುತ್ತಾಳೆ. ಕ್ಯಾಥರೀನ್ ಪಾಪ, ತಪ್ಪಾಡಬೇಕೆಂದಿರಲಿಲ್ಲ, ಆದರೆ ಪುಸ್ತಕ ನೈಸಾಗಿಯೇ ಇದೆಯಲ್ಲ, ಹಾಗೆಂದರೆ ಏನು ತಪ್ಪು ಎಂದು ಕೇಳುತ್ತಾಳೆ. ಏನೂ ತಪ್ಪಿಲ್ಲ ಎನ್ನುತ್ತಾನೆ ಹೆನ್ರಿ: ಈ ದಿನವೂ ನೈಸ್, ನಮ್ಮ ತಿರುಗಾಟವೂ ನೈಸ್, ನೀವಿಬ್ಬರೂ ನೈಸ್. ಮೊದಲು ನಾಜೂಕು, ಶುಚಿ, ಔಚಿತ್ಯ ಇಂಥವಕ್ಕೆ ಮಾತ್ರ ಸಲ್ಲುತ್ತಿದ್ದ ಪದ ಈಗ ಯಾವ ವಿಷಯದ ಯಾವ ಹೊಗಳಿಕೆಗಾದರೂ ಒದಗುತ್ತಿದೆ ಎಂಬುದು ಅವನ ವಾದ.

ನನ್ನ ಮುಂದೆ ಕುಳಿತಿದ್ದ ತರುಣರು ಇಷ್ಟು ಹರಿತವಾಗಿ ಕೇಳಲಿಲ್ಲ. ಪ್ರಶ್ನೆ ಮಾತ್ರ ಅದೇ.

ಹೆನ್ರಿ ಗೆದ್ದನೆಂದು ತೀರ್ಪು ಕೊಡುವ ಮುಂಚೆ ಆ ಪದದ ಜಾತಕವನ್ನು ಸ್ವಲ್ಪ ನೋಡಬೇಕು. ಮೊದಲು ಅದು ನಾಜೂಕಿನ ಅರ್ಥದಲ್ಲಿ ಇತ್ತು ಎಂದು ಅವನು ಹೇಳಿದ್ದು ಅರ್ಧ ಸತ್ಯ. ನಿಜವಾದ ಮೊದಲು ಇನ್ನೂ ಹಿಂದಿದೆ. ಲ್ಯಾಟಿನ್ನಿನ 'ನೆಸ್ಕಿಯುಸ್' ಎಂದರೆ ಅರಿಯದವನು, ಅಜ್ಞಾನಿ. ಅದು ಹಳೆಯ ಫ್ರೆಂಚಿನಲ್ಲಿ ಸವೆದು, ಪೆದ್ದ ಎಂಬ ಅರ್ಥದಲ್ಲಿ 1300ರ ಸುಮಾರಿಗೆ ಇಂಗ್ಲಿಷನ್ನು ಪ್ರವೇಶಿಸಿತು. 14ನೆಯ ಶತಮಾನದ ಚಾಸರನ ಕಾವ್ಯದಲ್ಲಿ ಯಾರನ್ನಾದರೂ ನೈಸ್ ಎಂದಿದ್ದರೆ ಅದನ್ನು ಹೊಗಳಿಕೆಯೆಂದು ಓದುವವರು ಮೋಸಹೋಗುತ್ತಾರೆ. ಪೆದ್ದತನದಿಂದ ಚೆಲ್ಲುತನಕ್ಕೆ, ಅಲ್ಲಿಂದ ಅತಿಯಾದ ಮಡಿವಂತಿಕೆಗೆ, ಅಲ್ಲಿಂದ ಸೂಕ್ಷ್ಮತೆಗೆ, ನಿಖರತೆಗೆ ಆ ಪದ ದಾಟುತ್ತ ಬಂತು. ಷೇಕ್ಸ್‌ಪಿಯರನ ಕೈಗೆ ಬರುವ ಹೊತ್ತಿಗೆ ಅದು ಐದಾರು ಮುಖಗಳ ಪದವಾಗಿತ್ತು. 'ರೋಮಿಯೊ ಅಂಡ್ ಜೂಲಿಯೆಟ್' ನಾಟಕದ ಕೊನೆಯ ಅಂಕದಲ್ಲಿ, ರೋಮಿಯೊಗೆ ಮುಟ್ಟಬೇಕಾಗಿದ್ದ ಪತ್ರ ಮುಟ್ಟದೆ ಹಿಂದಕ್ಕೆ ಬಂದಾಗ, ಪಾದ್ರಿ ಲಾರೆನ್ಸ್ ಗಾಬರಿಯಿಂದ ಅದು ನೈಸ್ ಪತ್ರವಲ್ಲ ಎನ್ನುತ್ತಾನೆ. ಹಿತವಾದ ಪತ್ರವಲ್ಲ ಎಂದು ಅದರ ಅರ್ಥವಲ್ಲ. ಕ್ಷುಲ್ಲಕವಾದದ್ದಲ್ಲ, ಬಹಳ ಭಾರವಾದದ್ದು ಎಂದು. ಇಬ್ಬರ ಪ್ರಾಣ ಹೋಗುವುದು ಆ ಪತ್ರ ಮುಟ್ಟದ್ದರಿಂದ. ಇಂದಿನ ಅರ್ಥವನ್ನು ಅಲ್ಲಿ ಅಂಟಿಸಿ ಓದಿದರೆ ನಾಟಕದ ಗಂಟಲೇ ಕಟ್ಟಿಹೋಗುತ್ತದೆ.

1755ರಲ್ಲಿ ಜಾನ್ಸನ್ ನಿಘಂಟು ಕಟ್ಟಿದಾಗ ಅವನು ಈ ಪದಕ್ಕೆ ಕೊಟ್ಟ ಅರ್ಥಗಳು ನಿಖರತೆ, ಅತಿ ಎಚ್ಚರ, ನಾಜೂಕು, ಮುಟ್ಟಿದರೆ ಮುನಿಯುವ ಸ್ವಭಾವ ಇಂಥವು. ಸುಮ್ಮನೆ 'ಚೆನ್ನಾಗಿರುವ' ಎಂಬ ಅರ್ಥ ಹರಡಿದ್ದು ಆ ಶತಮಾನದ ಉತ್ತರಾರ್ಧದಲ್ಲಿ. ಹೆನ್ರಿಯ ಸಿಟ್ಟು ಹೊಸ ಫ್ಯಾಷನ್ನಿನ ಮೇಲಿನ ಸಿಟ್ಟು. ಹಳೆಯ ಅರ್ಥದ ತುಣುಕುಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ವಕೀಲರು 'ಇದು ನೈಸ್ ಪಾಯಿಂಟ್' ಎಂದರೆ ಕೂದಲೆಳೆಯಷ್ಟು ಸೂಕ್ಷ್ಮವಾದ ಪ್ರಶ್ನೆ ಎಂದೇ ಅರ್ಥ, ಕಕ್ಷಿಗಾರನಿಗೆ ಅದು ಹಿತವಾಗಿರಬೇಕಾಗಿಲ್ಲ.

ಇಂಗ್ಲಿಷಿನವರ ಪೆದ್ದತನ ಹೀಗೆ ಚೆಲುವಾಗಿ ಮಾರ್ಪಟ್ಟಿತೆಂದು ನಾವು ನಗಬೇಕಾಗಿಲ್ಲ. ನಮ್ಮ 'ಮುಗ್ಧ' ನಡೆದ ದಾರಿಯೂ ಅದೇ. ಮುಗ್ಧ, ಮೂಢ, ಮೋಹ ಮೂರೂ ಒಂದೇ ಧಾತುವಿನ ಮಕ್ಕಳು. ದಿಕ್ಕುಗಾಣದವನು, ತಿಳಿಯದವನು ಎಂಬುದೇ ಸಂಸ್ಕೃತದಲ್ಲಿ ಮುಗ್ಧನ ಮೊದಲ ಅರ್ಥ. ಒಬ್ಬ ಮಗ ಮೂಢನಾಗಿಯೇ ಉಳಿದ, ಇನ್ನೊಬ್ಬ ಮಗುವಿನ ನಗೆಗೆ ವಿಶೇಷಣವಾದ. ಇದಕ್ಕೆ ತದ್ವಿರುದ್ಧವಾಗಿ ನಡೆದದ್ದು 'ಬಿನ್ನಾಣ'. ಅದು ವಿಜ್ಞಾನದ ತದ್ಭವ. ಅರಿವಿನಿಂದ ಹೊರಟು, ಕೌಶಲಕ್ಕಿಳಿದು, ಕೊನೆಗೆ ಒಯ್ಯಾರಕ್ಕೆ ಬಂದು ನಿಂತಿದೆ. ವಿಜ್ಞಾನದ ಅಧ್ಯಾಪಕರೊಬ್ಬರಿಗೆ ಇದನ್ನು ಹೇಳಿ ಒಮ್ಮೆ ನಾನು ಅವರ ಸ್ನೇಹವನ್ನು ಒಂದು ವಾರದ ಮಟ್ಟಿಗೆ ಕಳೆದುಕೊಂಡಿದ್ದೆ.

ಕ್ಯಾಥರೀನಳ ವಿಷಯದಲ್ಲಿ ಒಂದು ಚೋದ್ಯವಿದೆ. ಆ ಗುಡ್ಡದ ಮೇಲಿದ್ದ ಮೂವರಲ್ಲಿ ನೈಸ್ ಎಂಬ ಪದ ಅದರ ಎಲ್ಲ ವಯಸ್ಸಿನಲ್ಲಿಯೂ ಒಪ್ಪುವುದು ಆಕೆಗೆ ಒಬ್ಬಳಿಗೇ. ಅರಿಯದವಳು ಎಂಬ ಲ್ಯಾಟಿನ್ ಅರ್ಥವೂ ಸಲ್ಲುತ್ತದೆ, ಮೆಚ್ಚಿಗೆಯಾದವಳು ಎಂಬ ಹೊಸ ಅರ್ಥವೂ ಸಲ್ಲುತ್ತದೆ. ನಮ್ಮಲ್ಲಿ ಮುಗ್ಧೆ ಎಂದರೆ ಎರಡೂ ಒಟ್ಟಿಗೇ ಬರುತ್ತವೆ. ಎಲಿನರ್ ಕಡೆಯಲ್ಲಿ ಅಣ್ಣನಿಗೆ ತಿರುಗೇಟು ಕೊಡುವುದೂ ಅದೇ ಪದದಿಂದ: ನಿನ್ನಲ್ಲಿ ವಿವೇಕಕ್ಕಿಂತ ನೈಸ್‌ತನ ಹೆಚ್ಚು ಎಂಬರ್ಥದ ಮಾತನ್ನಾಡುತ್ತಾಳೆ. ಅಲ್ಲಿ ನೈಸ್ ಎಂದರೆ ಅತಿ ಮಡಿ. ಅಣ್ಣ ಕೇಳಿದ ಕಟ್ಟುನಿಟ್ಟಾದ ಅರ್ಥದಲ್ಲಿಯೇ ಪದವನ್ನು ಬಳಸಿ ಅಣ್ಣನನ್ನೇ ಹೊಡೆದಳು. ಇಷ್ಟು ಮಾಡಿ ಲೇಖಕಿ ಏನೂ ಆಗದವರಂತೆ ಮುಂದಕ್ಕೆ ಹೋಗುತ್ತಾರೆ.

ಫೌಲರ್ ಎಂಬ ಇಂಗ್ಲಿಷ್ ವೈಯಾಕರಣ 1926ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗಕೋಶದಲ್ಲಿ ಈ ಪದ ಸತ್ವಗೆಟ್ಟದ್ದಕ್ಕೆ ಹೆಂಗಸರ ಅತಿಯಾದ ಮೋಹವನ್ನು ಕಾರಣವಾಗಿ ಹೇಳಿದ್ದಾನೆ. ದೊಡ್ಡ ವಿದ್ವಾಂಸ, ಹಾಸ್ಯಪ್ರಿಯ, ಒಪ್ಪತಕ್ಕದ್ದೇ. ಆದರೆ ಈ ದೋಷವನ್ನು ಅವನಿಗಿಂತ ನೂರು ವರ್ಷ ಮೊದಲೇ ಕಂಡು ನಕ್ಕದ್ದು ಒಬ್ಬ ಹೆಂಗಸೇ ಎಂಬುದನ್ನು ಆ ಜಾಗದಲ್ಲಿ ಹೇಳಿದ್ದರೆ ನ್ಯಾಯವಾಗುತ್ತಿತ್ತು. ಅದಲ್ಲದೆ ನನ್ನ 'ಸೊಗಸಾಗಿದೆ'ಯನ್ನು ಮೂರು ಸಲ ಬರೆದವನು ಗಂಡಸು.

ಆಸ್ಟೆನ್ನರಿಗೆ ಗುಣವಾಚಕಗಳ ಅಂತರ ಎಷ್ಟು ಮುಖ್ಯವಾಗಿತ್ತೆಂಬುದನ್ನು ಕಾಣಲು ಅವರ ಉಳಿದ ಕಾದಂಬರಿಗಳನ್ನು ತೆರೆಯಬೇಕು. 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್' ಪೂರ್ತಿ ನಡೆಯುವುದು ಒಂದು ಗುಣವಾಚಕದ ಮೇಲೆ ಎಂದರೂ ತಪ್ಪಾಗದು. ಊರಿನ ನೃತ್ಯಕೂಟದಲ್ಲಿ ಡಾರ್ಸಿ ಎಂಬ ಶ್ರೀಮಂತ, ಎಲಿಜಬೆತ್ತಳನ್ನು ಕುರಿತು 'ಟಾಲರಬಲ್' ಎಂದು ಗೆಳೆಯನ ಹತ್ತಿರ ಹೇಳುತ್ತಾನೆ. ಅದು ಅವಳ ಕಿವಿಗೆ ಬೀಳುತ್ತದೆ. ಕುರೂಪಿ ಎಂದಿದ್ದರೆ ಅವಳು ಕ್ಷಮಿಸುತ್ತಿದ್ದಳೋ ಏನೋ. 'ಪರವಾಗಿಲ್ಲ' ಎಂದದ್ದನ್ನು ಕ್ಷಮಿಸುವುದು ಕಷ್ಟ. ಹೆಣ್ಣು ನೋಡಲು ಹೋಗಿ ಬಂದವರು ಮನೆಯಲ್ಲಿ 'ಹುಡುಗಿ ಪರವಾಗಿಲ್ಲ' ಎನ್ನುವುದನ್ನು ಕೇಳಿರುವ ನಮಗೆ ಆ ಗಾಯದ ಆಳವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕಾದಂಬರಿಯಲ್ಲಿ ವಿಕಮ್ ಎಂಬ ಸೈನ್ಯಾಧಿಕಾರಿ ಎಲ್ಲರ ಬಾಯಲ್ಲೂ 'ಅಗ್ರಿಯಬಲ್'. ಒಪ್ಪುವಂಥವನು, ಜೊತೆಯಲ್ಲಿ ಕುಳಿತರೆ ಹೊತ್ತು ಹೋದದ್ದು ತಿಳಿಯದು. ಅವನು ಒಳ್ಳೆಯವನೆಂದು ಊರೆಲ್ಲ ತಿಳಿದದ್ದು ಒಂದು ಪದದ ಜಾಗದಲ್ಲಿ ಇನ್ನೊಂದು ಪದವನ್ನು ಇಟ್ಟದ್ದರಿಂದ. ಅವನ ಮುಖ, ದನಿ, ಹಾವಭಾವ ಇವುಗಳನ್ನು ಬಿಟ್ಟು ಅವನ ಒಂದು ಸತ್ಕಾರ್ಯವನ್ನು ನೆನೆಯಹೋದಾಗ ಎಲಿಜಬೆತ್ತಳಿಗೆ ಏನೂ ಸಿಕ್ಕುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗ 1815ರ ಕೊನೆಯಲ್ಲಿ ಹೊರಬಂದ 'ಎಮ್ಮ' ಕಾದಂಬರಿಯಲ್ಲಿದೆ. ಫ್ರ್ಯಾಂಕ್ ಚರ್ಚಿಲ್ ಎಂಬ ತರುಣನ ತಂದೆ ಎರಡನೆಯ ಮದುವೆಯಾಗಿದ್ದಾನೆ. ಮಗ ಬಂದು ಹೊಸ ತಾಯಿಯನ್ನು ಕಾಣಬೇಕು. ಬರುತ್ತೇನೆಂದು ಚೆಂದದ ಪತ್ರ ಬರೆಯುತ್ತಾನೆ, ಬರುವುದಿಲ್ಲ. ಎಮ್ಮ ಅವನ ಪರ ವಹಿಸಿ, ಅವನು ಬಹಳ 'ಏಮಿಯಬಲ್' ಸ್ವಭಾವದವನಿರಬೇಕು ಎನ್ನುತ್ತಾಳೆ. ನೈಟ್ಲಿ ಒಪ್ಪುವುದಿಲ್ಲ. ಆ ತರುಣ ಫ್ರೆಂಚಿನಲ್ಲಿ ಮಾತ್ರ ಹಾಗಿರಬಲ್ಲ, ಇಂಗ್ಲಿಷಿನಲ್ಲಿ ಅಲ್ಲ ಎಂಬುದು ಅವನ ಉತ್ತರದ ತಿರುಳು. ಫ್ರೆಂಚಿನ 'ಎಮಾಬ್ಲ್' ಎಂದರೆ ಒಳ್ಳೆಯ ನಡವಳಿಕೆ, ಮೆಚ್ಚಿಸುವ ಮಾತು. ಇಂಗ್ಲಿಷಿನ ಏಮಿಯಬಲ್ ಆಗಬೇಕಾದರೆ ಇನ್ನೊಬ್ಬರ ಮನಸ್ಸು ನೋಯದಂತೆ ನೋಡಿಕೊಳ್ಳುವ ಒಳಗಿನ ಸೂಕ್ಷ್ಮತೆ ಬೇಕು. ಎರಡು ಪದಗಳ ಹುಟ್ಟು ಒಂದೇ, ಮುಖವೂ ಹೆಚ್ಚು ಕಡಮೆ ಒಂದೇ. ನಡುವೆ ಹರಿಯುವುದು ಮಾತ್ರ ಒಂದು ಕಡಲು. ನೈಟ್ಲಿಯ ಮಾತಿನಲ್ಲಿ ಸ್ವಲ್ಪ ಹೊಟ್ಟೆಯುರಿಯೂ ಇದೆ, ಅವನಿಗೇ ಗೊತ್ತಿಲ್ಲದೆ ಅವನು ಎಮ್ಮಳನ್ನು ಪ್ರೀತಿಸುತ್ತಿದ್ದಾನೆ. ಫ್ರೆಂಚರ ಮೇಲೆ ಆ ಕಾಲದ ಇಂಗ್ಲಿಷರಿಗಿದ್ದ ಅಸಹನೆಯೂ ಇದೆ. ಆದರೂ ಆ ಭೇದ ಸುಳ್ಳಲ್ಲ. ಮುಂದೆ ಫ್ರ್ಯಾಂಕ್ ಬಂದು, ತಾನು ಗುಟ್ಟಾಗಿ ವಾಗ್ದಾನ ಕೊಟ್ಟ ಹುಡುಗಿಯ ಕಣ್ಣೆದುರಿಗೇ ಎಮ್ಮಳೊಡನೆ ಚೆಲ್ಲಾಟವಾಡುವಾಗ, ಅವನು ಯಾವ ಭಾಷೆಯಲ್ಲಿ ಏಮಿಯಬಲ್ ಎಂಬುದು ನಮಗೆ ಕಾಣುತ್ತದೆ. ಒಂದು ಪರ್ಯಾಯ ಪದದ ಅರ್ಥಚ್ಛಾಯೆಯನ್ನು ವಿವರಿಸಲು ಇಡೀ ಕಾದಂಬರಿಯೇ ಬೇಕಾಯಿತು.

ಆ ಕಾಲಕ್ಕೆ ಪರ್ಯಾಯ ಪದಗಳ ಹುಚ್ಚು ಇಂಗ್ಲೆಂಡಿನಲ್ಲಿ ಜೋರಾಗಿಯೇ ಇತ್ತು. ಎಲಿನರ್ ಹೆಸರೆತ್ತಿದ ಬ್ಲೇರ್, ಎಡಿನ್‌ಬರೊದಲ್ಲಿ ಅಲಂಕಾರಶಾಸ್ತ್ರದ ಪ್ರಾಧ್ಯಾಪಕ. 1783ರಲ್ಲಿ ಅಚ್ಚಾದ ತನ್ನ ಉಪನ್ಯಾಸಗಳಲ್ಲಿ ಅವನು ಆಶ್ಚರ್ಯಕ್ಕೆ ಸಂಬಂಧಿಸಿದ ನಾಲ್ಕು ಪದಗಳನ್ನು ಬಿಡಿಸಿಟ್ಟಿದ್ದಾನೆ. ಹೊಸದನ್ನು ಕಂಡಾಗ ಒಂದು, ಬೃಹತ್ತಾದುದನ್ನು ಕಂಡಾಗ ಇನ್ನೊಂದು, ಬುದ್ಧಿಗೆ ನಿಲುಕದ್ದಕ್ಕೆ 'ಅಮೇಜ್', ಎದೆ ನಡುಗಿಸುವುದಕ್ಕೆ ನಾಲ್ಕನೆಯದು. ಕ್ಯಾಥರೀನ್ ಅದೇ ತಿರುಗಾಟದಲ್ಲಿ 'ಅಮೇಜಿಂಗ್ಲಿ' ಎಂದದ್ದನ್ನು ಹೆನ್ರಿ ಹಿಡಿದುಕೊಂಡದ್ದು ಸುಮ್ಮನೆಯಲ್ಲ. ಜಾನ್ಸನ್ನನ ಸ್ನೇಹಿತೆಯಾಗಿದ್ದ ಪಿಯೋಟ್ಸಿ ಎಂಬಾಕೆ ಪರ್ಯಾಯ ಪದಗಳ ಮೇಲೆಯೇ ಎರಡು ಸಂಪುಟ ಬರೆದು ಪ್ರಕಟಿಸಿದ್ದು 1794ರಲ್ಲಿ, ಉಡಾಲ್ಫೊ ಬಂದ ವರ್ಷವೇ. ರೋಜೆಯ ಪರ್ಯಾಯಕೋಶ ಬರಲು 1852ರವರೆಗೆ ಕಾಯಬೇಕಾಯಿತು. ಅದು ಪದಗಳನ್ನು ಗುಂಪು ಹಾಕಿ ಕೊಟ್ಟಿತು. ಆರಿಸುವ ಕೆಲಸವನ್ನು ಬರೆಯುವವನಿಗೇ ಬಿಟ್ಟಿತು. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಈ ಬಗೆಯ ಸಂಪತ್ತೂ ಅದರ ಅಪಾಯವೂ ಪರಿಚಿತವೇ. ನಾಲಗೆಯ ಮೇಲೆ ಇಪ್ಪತ್ತು ಹೆಸರು ಕುಣಿಯುತ್ತಿದ್ದರೆ ಛಂದಸ್ಸಿಗೆ ಹೊಂದಿದ್ದನ್ನು ಎತ್ತಿಕೊಂಡು ಮುಂದಕ್ಕೆ ಹೋಗುವುದು ಸುಲಭ.

ನಮ್ಮ ಆಲಂಕಾರಿಕರಿಗೆ ಇದು ತಿಳಿಯದ ವಿಷಯವಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಕುಂತಕ ಪರ್ಯಾಯವಕ್ರತೆ, ವಿಶೇಷಣವಕ್ರತೆ ಎಂಬ ಹೆಸರಿಟ್ಟೇ ಅದನ್ನು ವಿಚಾರಿಸಿದ್ದಾನೆ. ಅವನು ಎತ್ತಿಕೊಂಡ ಉದಾಹರಣೆ ಕಾಳಿದಾಸನದು. ಕುಮಾರಸಂಭವದ ಐದನೆಯ ಸರ್ಗದಲ್ಲಿ ವಟುವಿನ ವೇಷದ ಶಿವ, ತಪಸ್ಸು ಮಾಡುತ್ತಿರುವ ಪಾರ್ವತಿಯ ಮುಂದೆ ಶಿವನನ್ನೇ ಹಳಿಯುತ್ತಾನೆ. ಶಿವನಿಗೆ ಹೆಸರು ಸಾವಿರ. ಅಲ್ಲಿ ಕವಿ ಆರಿಸಿದ್ದು 'ಕಪಾಲಿ' ಎಂಬುದನ್ನು. ತಲೆಬುರುಡೆ ಹಿಡಿದವನು ಎಂದಾಗ ಹುಟ್ಟುವ ಹೇಸಿಗೆ, ಬಿಲ್ಲು ಹಿಡಿದ 'ಪಿನಾಕಿ' ಎಂದಿದ್ದರೆ ಹುಟ್ಟುತ್ತಿರಲಿಲ್ಲ. ಛಂದಸ್ಸಿಗೆ ಎರಡೂ ಒಂದೇ ತೂಕ.

ಇಷ್ಟೆಲ್ಲ ಹೇಳಿದ ಮೇಲೆ, ಹೆನ್ರಿಯ ಪಕ್ಷವೇ ಸರಿ, ನಿಖರವಾದ ಪದಗಳನ್ನು ಕಲಿತುಕೊಂಡರೆ ವಿಮರ್ಶೆ ಸರಿಹೋಗುತ್ತದೆ ಎಂದು ವಾಚಕರು ತಿಳಿಯಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಆ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ನೈಸ್ ಪ್ರಸಂಗ ಕಳೆದು ಸ್ವಲ್ಪ ಹೊತ್ತಿಗೆ ಅಣ್ಣತಂಗಿಯರು ನಿಸರ್ಗದೃಶ್ಯವನ್ನು ಚಿತ್ರಕಾರರ ಕಣ್ಣಿನಿಂದ ನೋಡುತ್ತ ಮಾತಾಡತೊಡಗುತ್ತಾರೆ. 'ಪಿಕ್ಚರೆಸ್ಕ್' ಎಂಬುದು ಆಗಿನ ನಾಗರಿಕರ ಅಚ್ಚುಮೆಚ್ಚಿನ ಗುಣವಾಚಕ. ಕ್ಯಾಥರೀನಳಿಗೆ ಅದರ ಗಂಧವಿಲ್ಲ, ನಾಚಿಕೆಯಿಂದ ಒಪ್ಪಿಕೊಳ್ಳುತ್ತಾಳೆ. ಹೆನ್ರಿ ಪಾಠ ಹೇಳುತ್ತಾನೆ, ಮುನ್ನೆಲ, ದೂರ, ನೆರಳು, ಬೆಳಕು ಎಂದು. ಶಿಷ್ಯೆ ಎಷ್ಟು ಚುರುಕೆಂದರೆ, ಗುಡ್ಡದ ತುದಿ ತಲುಪುವ ಹೊತ್ತಿಗೆ ಇಡೀ ಬಾತ್ ನಗರವೇ ಒಳ್ಳೆಯ ದೃಶ್ಯದಲ್ಲಿ ಸೇರಲು ಯೋಗ್ಯವಲ್ಲವೆಂದು ತಾನಾಗಿಯೇ ತಳ್ಳಿಹಾಕುತ್ತಾಳೆ. ಕಣ್ಣ ಮುಂದೆ ಒಂದು ಊರಿದೆ. ಕಲಿತ ಪದ ಅದನ್ನು ಮರೆಮಾಡಿತು.

ನೈಸ್ ಎಂದಾಗ ಆಕೆಗೆ ಹೇಳಲು ಪದವಿರಲಿಲ್ಲ, ಆದರೆ ಅನುಭವವಿತ್ತು. ಉಡಾಲ್ಫೊ ಓದಿ ಅವಳು ನಿಜವಾಗಿ ನಡುಗಿದ್ದಳು. ಪಿಕ್ಚರೆಸ್ಕಿನ ಪಾಠವಾದ ಮೇಲೆ ಪದಗಳಿದ್ದವು, ಅನುಭವ ಹೆನ್ರಿಯದು. ಈ ಎರಡನೆಯ ಸ್ಥಿತಿ ಮೊದಲನೆಯದಕ್ಕಿಂತ ಮೇಲೆಂದು ನನಗೆ ತೋರುವುದಿಲ್ಲ. ಸೊಗಸು ಎಂಬುದನ್ನು ಹೊಡೆದುಹಾಕಿ 'ಸಂಕೀರ್ಣ', 'ಸಾಂದ್ರ', 'ಧ್ವನಿಪೂರ್ಣ' ಎಂದು ಬರೆದಿದ್ದರೆ ನಾನು ಆ ತರುಣರಿಂದ ತಪ್ಪಿಸಿಕೊಳ್ಳುತ್ತಿದ್ದೆ, ಖಂಡಿತ. ಅವರು ಚೀಲ ಹಿಡಿದು ಬರುತ್ತಿರಲಿಲ್ಲ, ಕೇಳಲು ಹೆದರುತ್ತಿದ್ದರು. ನಮ್ಮ ಎಷ್ಟೋ ವಿಮರ್ಶೆಗಳು ಇಂಥ ಪದಗಳ ಮರೆಯಲ್ಲಿ ಕ್ಷೇಮವಾಗಿವೆ.

ಇನ್ನೂ ಒಂದು ಸಂಗತಿಯನ್ನು ನಾನು ಹಿಂದಿನ ಓದುಗಳಲ್ಲಿ ಗಮನಿಸಿರಲಿಲ್ಲ. ಗುಣವಾಚಕಗಳ ಈ ಕಾವಲುಗಾರ ಹೆನ್ರಿ ತಾನು ಉಡಾಲ್ಫೊವನ್ನು ಮೆಚ್ಚಿದ್ದು ಹೇಗೆ? ನೈಸ್ ಪ್ರಸಂಗಕ್ಕೆ ಸ್ವಲ್ಪ ಮುಂಚೆ ಅವನು ಅದನ್ನೂ ಹೇಳುತ್ತಾನೆ. ಹಿಡಿದ ಪುಸ್ತಕವನ್ನು ಕೆಳಗಿಡಲಾಗಲಿಲ್ಲ, ಎರಡು ದಿನದಲ್ಲಿ ಮುಗಿಸಿದೆ, ಅಷ್ಟು ಹೊತ್ತೂ ತಲೆಗೂದಲು ನೆಟ್ಟಗೆ ನಿಂತಿತ್ತು ಎಂದು. ತಂಗಿ ಅದಕ್ಕೆ ಸಾಕ್ಷಿ: ತನಗೆ ಓದಿ ಹೇಳುತ್ತೇನೆಂದು ಮಾತುಕೊಟ್ಟಿದ್ದ ಅಣ್ಣ, ತಾನು ಐದು ನಿಮಿಷ ಎದ್ದುಹೋಗಿ ಬರುವುದರೊಳಗೆ ಪುಸ್ತಕವನ್ನು ಎತ್ತಿಕೊಂಡು ತೋಟಕ್ಕೆ ಓಡಿಹೋಗಿದ್ದ. ಒಂದು ಪುಸ್ತಕದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಹೆಚ್ಚು ಓದಿಲ್ಲ. ಅದರಲ್ಲಿ ಹೊಗಳಿಕೆಯ ಗುಣವಾಚಕ ಒಂದಾದರೂ ಇಲ್ಲ.

ಈಗ ನೈಸ್ ಎಂಬ ಪದ ನಮ್ಮ ಮನೆಗೂ ಬಂದು ನೆಲೆಸಿದೆಯಲ್ಲ, ಅದರ ಮಾತು. ಬೆಂಗಳೂರಿನವರಿಗೆ ಅದು ಒಂದು ರಸ್ತೆಯ ಹೆಸರು ಕೂಡ. ಅದು ಒಂದು ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದ ಆದದ್ದು, ಅದನ್ನು ಬಿಡೋಣ. ಇಂಗ್ಲಿಷಿನ ಒಂದಕ್ಷರ ಅರಿಯದ ಅಜ್ಜಿಯರು ಸಹ 'ದೋಸೆಗೆ ನೈಸಾಗಿ ರುಬ್ಬು, ಇಡ್ಲಿಗೆ ಸ್ವಲ್ಪ ತರಿತರಿಯಾಗಿರಲಿ' ಎನ್ನುವುದನ್ನು ಕೇಳಿದ್ದೇನೆ. ಇಲ್ಲಿ ನೈಸ್ ಎಂದರೆ ಒಳ್ಳೆಯದು ಎಂದಲ್ಲ. ಇಡ್ಲಿಯ ಹಿಟ್ಟು ನೈಸಾದರೆ ಅದು ಕೆಟ್ಟಿತು ಎಂದೇ ಲೆಕ್ಕ. ಎರಡು ಬೆರಳ ನಡುವೆ ಹಿಟ್ಟನ್ನು ಉಜ್ಜಿ ನೋಡಿ ಹೇಳುವ ಮಾತು ಅದು, ಪರೀಕ್ಷೆಯಾದ ಮಾತು. ಇಂಗ್ಲೆಂಡಿನ ದಿವಾನಖಾನೆಗಳಲ್ಲಿ ಸವೆದು ಹೋದ ನಿಖರತೆಯನ್ನು ಆ ಪದ ನಮ್ಮ ಅಡುಗೆಮನೆಯಲ್ಲಿ ಮತ್ತೆ ಪಡೆದುಕೊಂಡಿತು. ಹೆನ್ರಿ ಟಿಲ್ನಿ ಕೇಳಿದ್ದರೆ ಸಂತೋಷಪಡುತ್ತಿದ್ದ.

ಅಡುಗೆಮನೆಯಿಂದ ಪದ ಜಗುಲಿಗೂ ಬಂತು. 'ನೈಸ್ ಮಾಡಿ ದುಡ್ಡು ಕಿತ್ತ', 'ನೈಸಾಗಿ ಜಾರಿಕೊಂಡ' ಎನ್ನುತ್ತೇವೆ. ಬೆಣ್ಣೆ ಹಚ್ಚುವ, ಸದ್ದಿಲ್ಲದೆ ಕೆಲಸ ಸಾಧಿಸುವ ಈ ಅರ್ಥ ಇಂಗ್ಲಿಷಿನ ಯಾವ ನಿಘಂಟಿನಿಂದ ಬಂತು? ಅಲ್ಲಿಂದ ಬಂದದ್ದಲ್ಲವೆಂದು ನನ್ನ ಊಹೆ. ನಮ್ಮಲ್ಲಿ 'ನಯ' ಎಂಬ ಪದ ಮೊದಲೇ ಕುಳಿತಿತ್ತು. ನಯವಾದ ಬಟ್ಟೆ, ನಯವಾದ ಮರ, ಆಮೇಲೆ ನಯವಿನಯ, ಅದರ ಹಿಂದೆಯೇ ನಯವಂಚಕ. ನುಣುಪು, ಸೌಜನ್ಯ, ಮೋಸ ಮೂರೂ ಒಂದೇ ಹಾಸಿಗೆಯಲ್ಲಿ ಮಲಗಿದ್ದವು. ದನಿಯಲ್ಲಿ ಹೋಲುವ ಪರದೇಶದ ಪದ ಬಂದಾಗ ನಯ ಸ್ವಲ್ಪ ಸರಿದು ಅದಕ್ಕೆ ಜಾಗ ಕೊಟ್ಟಿರಬೇಕು. ಭಾಷಾಶಾಸ್ತ್ರಜ್ಞರು ಒಪ್ಪದಿದ್ದರೆ ನಾನು ಹಟ ಮಾಡುವುದಿಲ್ಲ. ಆದರೆ ವಿಕಮ್ ಮತ್ತು ಫ್ರ್ಯಾಂಕ್ ಚರ್ಚಿಲರನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಬೇಕಾದರೆ ನಯ ಎಂಬುದಕ್ಕಿಂತ ಒಪ್ಪುವ ಪದ ನನಗೆ ಹೊಳೆಯುವುದಿಲ್ಲ. ಅದು ಹೊಗಳಿಕೆಯೋ ದೂರೋ ಎಂಬುದನ್ನು ಕೇಳುವವನೇ ನಿರ್ಧರಿಸಬೇಕು.

ಮರುದಿನ ಆ ಸಂಕಲನವನ್ನು ಮತ್ತೆ ತೆಗೆದು ಓದಿದೆ, ಈ ಸಲ ಪೆನ್ಸಿಲು ಹಿಡಿದು. ಒಂದು ಕಥೆಯಲ್ಲಿ, ಗಂಡ ಸತ್ತ ಹದಿಮೂರನೆಯ ದಿನ ಒಬ್ಬಾಕೆ ಅವನ ಕನ್ನಡಕವನ್ನು ಒರೆಸಿ, ಅದನ್ನು ಮಾರಿದರೆ ಎಷ್ಟು ಬರಬಹುದೆಂದು ಯೋಚಿಸುತ್ತಾಳೆ. ಲೇಖಕರು ಅಲ್ಲಿ ಒಂದು ಕಣ್ಣೀರಿನ ಹನಿಯನ್ನೂ ಸೇರಿಸಿಲ್ಲ. ಆ ಪುಟವನ್ನು ನಾನು ಎರಡು ಸಲ ಮುಚ್ಚಿ ಎದ್ದುಹೋಗಿ ಬಂದೆ. ಅದಕ್ಕೆ 'ಸೊಗಸು' ಎಂದಿದ್ದೆನಲ್ಲ! ನಿಷ್ಠುರ ಎನ್ನಬೇಕಾಗಿತ್ತು. ಕೊನೆಯ ಎರಡು ಕಥೆಗಳಲ್ಲಿ ಬೇರೆ ಏನೋ ನಡೆಯುತ್ತದೆ. ಜಗಳ ಬರಬೇಕಾದ ಕಡೆ ಮಳೆ ಬರುತ್ತದೆ, ಎಲ್ಲರೂ ಒಳ್ಳೆಯವರಾಗುತ್ತಾರೆ. ಓದುತ್ತಿದ್ದಾಗ ಎಲ್ಲಿಯೂ ತೊಡಕಿಲ್ಲ, ಓದಿಯಾದ ಮೇಲೆ ಏನೂ ಉಳಿಯುವುದಿಲ್ಲ. ಅವಕ್ಕೆ ನನ್ನ ಪದ ನಯ.

ಇಷ್ಟನ್ನೂ ಬರೆದು ಅವರಿಗೆ ಪತ್ರ ಹಾಕಿದೆ. ಮೊನ್ನೆ ಉತ್ತರ ಬಂತು. ನಿಷ್ಠುರ ಎಂದದ್ದಕ್ಕೆ ಅವರಿಗೆ ಸ್ವಲ್ಪ ಬೇಸರವಾಗಿದೆ, ಮುಂದೆ ತಿದ್ದಿಕೊಳ್ಳುವುದಾಗಿ ಬರೆದಿದ್ದಾರೆ. ಕೊನೆಯ ಕಥೆಗಳ ನಯವನ್ನು ಗುರುತಿಸಿದ್ದಕ್ಕೆ ಕೃತಜ್ಞತೆ ಹೇಳಿದ್ದಾರೆ. ಇನ್ನೊಂದು ಪತ್ರ ಬರೆಯಬೇಕಾಗಿದೆ.